ನೆಟ್ಟಿನ ಮುಂದೆ ಲತಾ, ಹಿಂದೆ ತೊಮೋಯೆ

ವೆಸ್ಟ್ ಬ್ಲೂಮ್‌ಫೀಲ್ಡ್, ಮಿಷಿಗನ್
6 ಏಪ್ರಿಲ್ 2025

ಪ್ರೀತಿಯ ಅನುಸೂಯಮ್ಮ ಮಿಸ್,

ಯುಗಾದಿಯ ದಿನ ಶಿಕಾಗೋ ಬಳಿಯ ಲೆಮಾಂಟ್ ದೇವಸ್ಥಾನದ ಊಟದ ಸಾಲಿನಲ್ಲಿ ಹಿಂದಿನಿಂದ ಯಾರೋ "ಏಯ್ ಲತಾಶ್ರೀ, ಬೆನ್ನು ನೆಟ್ಟಗೆ ಮಾಡೇ!" ಎಂದಾಗ ನನ್ನ ಕೈಯಲ್ಲಿದ್ದ ಪುಳಿಯೋಗರೆ ತಟ್ಟೆ ಬೀಳುವುದೊಂದು ಬಾಕಿ. ಮಂಡ್ಯದ ಹೈಸ್ಕೂಲು ಬಿಟ್ಟು ಇಪ್ಪತ್ತು ವರ್ಷದ ಮೇಲಾಯಿತು. ಬೆನ್ನು ಮಾತ್ರ ತಾನಾಗಿ ನೆಟ್ಟಗಾಯಿತು ನೋಡಿ! ನನ್ನ ಪಿ.ಟಿ. ಮಿಸ್ ಶಿಕಾಗೋ ಪಕ್ಕದಲ್ಲೇ ಮಗಳ ಮನೆಯಲ್ಲಿದ್ದಾರೆ ಎಂದು ನನಗೆ ಕನಸೂ ಬಿದ್ದಿರಲಿಲ್ಲ.

ಕಿವಿಗೆ ಮಷಿನ್ ಹಾಕಿದರೂ ಫೋನಿನಲ್ಲಿ ಅರ್ಧ ಮಾತು ಕೇಳಿಸುವುದಿಲ್ಲ, ಕಾಗದ ಬರಿ ಎಂದಿರಿ. ಬರೆಯುತ್ತಿದ್ದೇನೆ. ಅಕ್ಷರ ಕಾಗೆ ಕಾಲಿನಂತಿದ್ದರೆ ಬೈಯಬೇಡಿ, ಸೌತ್‌ಫೀಲ್ಡಿನ ಆಫೀಸಿನಲ್ಲಿ ದಿನವಿಡೀ ಕೀಬೋರ್ಡು ಕುಟ್ಟುವವಳು ನಾನು.

ಶಟಲ್ ಇನ್ನೂ ಆಡುತ್ತೀಯಾ ಎಂದು ಕೇಳಿದಿರಲ್ಲ, ಆಡುತ್ತೇನೆ. ಇಲ್ಲಿ ಹಳೆಯ ಗೋದಾಮೊಂದನ್ನು ಬ್ಯಾಡ್ಮಿಂಟನ್ ಹಾಲ್ ಮಾಡಿದ್ದಾರೆ. ಶನಿವಾರ ಬೆಳಿಗ್ಗೆ ನಮ್ಮ ಕನ್ನಡದವರದೇ ಒಂದು ಗುಂಪು. ಮದುವೆ ಇಲ್ಲದ ದಿನ ನೋಡಿಕೊಂಡು ಕಲ್ಯಾಣಮಂಟಪದಲ್ಲಿ ನೆಟ್ಟು ಕಟ್ಟುತ್ತಿದ್ದ ನಮಗೆ ಇದು ಅರಮನೆ.

ಕಳೆದ ತಿಂಗಳಿಂದ ತೊಮೋಯೆ ಎಂಬ ಜಪಾನಿ ಹೆಂಗಸು ಬರುತ್ತಾಳೆ. ನನ್ನದೇ ವಯಸ್ಸು. ಗಂಡನಿಗೆ ಇಲ್ಲಿ ಕಾರಿನ ಬಿಡಿಭಾಗಗಳ ಕಂಪನಿಯಲ್ಲಿ ಕೆಲಸ. ಮೂಲೆಯಲ್ಲಿ ನಿಂತು ಮಕ್ಕಳಿಗೆ ಶಟಲ್ ಎತ್ತಿಕೊಡುತ್ತಿದ್ದಳು. ಪಾಪ, ಒಬ್ಬಳೇ ಇದ್ದಾಳಲ್ಲ ಎಂದು ನಾನೇ ಕರೆದು ಆಡಿಸಿದೆ. ಮೆತ್ತಗೆ ಆಡುತ್ತಾಳೆ. ಹಿಡಿತ ಸ್ವಲ್ಪ ತಪ್ಪು ಅನ್ನಿಸಿತು, ನೀವು ಹೇಳಿಕೊಟ್ಟಂತೆ ಹೆಬ್ಬೆರಳನ್ನು ಚಪ್ಪಟೆಯಾಗಿಟ್ಟು ಬ್ಯಾಕ್‌ಹ್ಯಾಂಡ್ ತೋರಿಸಿದೆ. ಎಷ್ಟು ವಿನಯ ಅಂತೀರಿ! ತಲೆ ಬಾಗಿಸಿ ಥ್ಯಾಂಕ್ಸ್ ಹೇಳಿ, ಮತ್ತೆ ಮತ್ತೆ ಹಾಗೇ ಹೊಡೆದು ತೋರಿಸಿದಳು. ಬೇಗ ಕಲಿಯುತ್ತಾಳೆ.

ನಿಮ್ಮ
ಲತಾಶ್ರೀ


ಬೋಲಿಂಗ್‌ಬ್ರೂಕ್, ಇಲಿನಾಯ್
19 ಏಪ್ರಿಲ್ 2025

ಲತಾ,

ನಿನ್ನ ಕಾಗದ ಬಂದಾಗ ಮನೆಯವರೆಲ್ಲ ಅದೇನೋ ಕೋರ್ಟಿನ ನೋಟೀಸು ಬಂದ ಹಾಗೆ ನೋಡಿದರು. ಕೈಯಲ್ಲಿ ಬರೆದ ಕನ್ನಡ ಈ ಮನೆಗೆ ಬಂದು ಯಾವ ಕಾಲವಾಯಿತೋ. ಅಕ್ಷರ ಕಾಗೆ ಕಾಲೇ, ಸುಳ್ಳೇಕೆ ಹೇಳಲಿ.

ನಾನು ಚೆನ್ನಾಗಿದ್ದೇನೆ. ಬೆಳಿಗ್ಗೆ ಸಬ್‌ಡಿವಿಷನ್ ಎನ್ನುವ ಈ ಬಡಾವಣೆಯಲ್ಲಿ ಎರಡು ಮೈಲಿ ನಡೆಯುತ್ತೇನೆ. ಎದುರಿಗೆ ಬಂದವರೆಲ್ಲ "ಹಾಯ್" ಅನ್ನುತ್ತಾರೆ, ನಿಂತು ಮಾತಾಡೋಣ ಎಂದರೆ ಒಬ್ಬರೂ ನಿಲ್ಲುವುದಿಲ್ಲ.

ನಿನಗೇ ಒಬ್ಬಳು ಶಿಷ್ಯೆ ಸಿಕ್ಕಳೆಂದರೆ ನಾನು ಅಜ್ಜಿ ಮಿಸ್ ಆದೆನಲ್ಲೇ! ಅವಳಿಗೆ ನಿಧಾನವಾಗಿ ಹೇಳಿಕೊಡು. ಗದರಬೇಡ, ಗದರುವುದು ನನಗೆ ಮಾತ್ರ ಒಪ್ಪುತ್ತದೆ. ಡಬಲ್ಸ್ ಆಡುವಾಗ ಇಬ್ಬರ ಮಧ್ಯಕ್ಕೆ ಬಂದ ಶಟಲನ್ನು ಅವಳಿಗೇ ಬಿಡು, ಧೈರ್ಯ ಬರಲಿ. ಹೊಸಬರು ಮನೆಗೆ ಬಂದರೆ ಮೊದಲ ಎಲೆ ಅವರಿಗೇ ಅಲ್ಲವೇ ಹಾಕುವುದು.

ಅನುಸೂಯಮ್ಮ


ವೆಸ್ಟ್ ಬ್ಲೂಮ್‌ಫೀಲ್ಡ್
1 ಜೂನ್ 2025

ಮಿಸ್,

ನನಗೆ ಎಲ್ಲಿಯಾದರೂ ಹೋಗಿ ಮುಖ ಮುಚ್ಚಿಕೊಳ್ಳಬೇಕು ಅನ್ನಿಸುತ್ತಿದೆ. ಓದಿದ ಮೇಲೆ ನಗಬೇಡಿ.

ಮಗಳು ದಿಯಾ ಸುಮ್ಮನೆ ತೊಮೋಯೆಯ ಪೂರ್ತಿ ಹೆಸರನ್ನು ಇಂಟರ್ನೆಟ್ಟಿನಲ್ಲಿ ಹುಡುಕಿದ್ದಾಳೆ. "ಅಮ್ಮಾ! ಶಿ ವಾಸ್ ವರ್ಲ್ಡ್ ನಂಬರ್ ನೈನ್!" ಎಂದು ಮೆಟ್ಟಿಲ ಮೇಲಿನಿಂದಲೇ ಕಿರುಚಿದಳು. ತೊಮೋಯೆ ಇಶಿಗಾಕಿ, ಮಹಿಳಾ ಡಬಲ್ಸ್, ಪ್ರಪಂಚಕ್ಕೇ ಒಂಬತ್ತನೆಯ ಸ್ಥಾನ. ಅಂಥವಳಿಗೆ ನಾನು ಹೆಬ್ಬೆರಳು ಎಲ್ಲಿಡಬೇಕೆಂದು ಹೇಳಿಕೊಟ್ಟಿದ್ದೇನೆ! ನಮ್ಮನೆಯವರು ಕೇಶವ್ ಅಂತೂ ಎರಡು ದಿನ ನನ್ನನ್ನು "ಕೋಚ್ ಮೇಡಂ, ಕಾಫಿ ಆಯ್ತಾ?" ಎಂದೇ ಕರೆದರು.

ಶನಿವಾರ ಹೋಗಿ ಕ್ಷಮೆ ಕೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು, ಆಮೇಲೆ ತನ್ನ ಮೆಲ್ಲಗಿನ ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದಳು. ಅಲ್ಲಿ ಆಟಗಾರರು ಕಂಪನಿಯ ತಂಡದಲ್ಲಿರುತ್ತಾರಂತೆ. ಬೆಳಿಗ್ಗೆ ಆಫೀಸಿನಲ್ಲಿ ಕಡತ ಜೋಡಿಸುವುದು, ಮಧ್ಯಾಹ್ನದಿಂದ ಆಟ. ಹದಿನೆಂಟು ವಯಸ್ಸಿನಿಂದ ಸಚಿಕೋ ಎಂಬವಳೊಬ್ಬಳೇ ಜೊತೆಗಾತಿ. ಪ್ರಪಂಚದಲ್ಲಿ ಒಂಬತ್ತನೆಯವರಾದರೂ ಅವರ ದೇಶದಲ್ಲಿ ಮೂರನೆಯ ಜೋಡಿ. ಒಲಿಂಪಿಕ್ಸಿಗೆ ಒಂದು ದೇಶದಿಂದ ಎರಡಕ್ಕಿಂತ ಹೆಚ್ಚು ಜೋಡಿ ಕಳಿಸುವಂತಿಲ್ಲ. ಬೇರೆ ಯಾವ ದೇಶದಲ್ಲಿ ಹುಟ್ಟಿದ್ದರೂ ಹೋಗುತ್ತಿದ್ದರು ಮಿಸ್!

ಕೊನೆಗೆ ಒಂದು ಸೆಮಿಫೈನಲ್. ಮೂರನೆಯ ಗೇಮ್, ಇವರೇ ಮುಂದಿದ್ದರು. ಸಚಿಕೋಳ ಮಂಡಿ ತಿರುಚಿತು. ಆಟ ಬಿಟ್ಟುಕೊಟ್ಟರು. ಡಬಲ್ಸಿನಲ್ಲಿ ರ್‍ಯಾಂಕಿಂಗ್ ಇರುವುದು ಜೋಡಿಗೆ. ಜೋಡಿ ಮುರಿದರೆ ಮತ್ತೆ ತಳದಿಂದ ಹತ್ತಬೇಕು. ಇವಳು ಹತ್ತಲಿಲ್ಲ. ಮದುವೆಯಾಯಿತು, ಇಲ್ಲಿಗೆ ಬಂದಳು.

"ನನ್ನ ಕೆರಿಯರ್‌ಗೆ ಕೊನೆ ಪಾಯಿಂಟ್ ಇಲ್ಲ. ಮಧ್ಯದಲ್ಲೇ ನಿಂತುಬಿಟ್ಟಿದೆ. ಒಂದು ಟೂರ್ನಮೆಂಟ್ ಪೂರ್ತಿ ಆಡಬೇಕು, ಕೊನೆ ಪಾಯಿಂಟ್‌ವರೆಗೆ. ಗೆಲ್ಲಬೇಕು. ಆಮೇಲೆ ಬಿಡ್ತೀನಿ" ಎಂದಳು. ಡಿಸೆಂಬರಿನಲ್ಲಿ ಗಂಡನ ಅವಧಿ ಮುಗಿದು ಜಪಾನಿಗೆ ವಾಪಸು. ಅಲ್ಲಿ ಹಾಗೆ ಸುಮ್ಮನೆ ಆಡಲು ಅವಳ ಹೆಸರು ಬಿಡುವುದಿಲ್ಲವಂತೆ. ಅಷ್ಟರೊಳಗೆ ಇಲ್ಲೇ ಆಗಬೇಕು.

ಯಾರ ಜೊತೆ ಎಂದು ಕೇಳಿದೆ. ನನ್ನ ಕಡೆ ಬೆರಳು ತೋರಿಸಿದಳು. ಮಿಸ್, ಹಿಂದೆಮುಂದೆ ನೋಡದೆ ಹೂಂ ಅಂದುಬಿಟ್ಟಿದ್ದೇನೆ.

ಲತಾಶ್ರೀ


ಬೋಲಿಂಗ್‌ಬ್ರೂಕ್
14 ಜೂನ್ 2025

ಲತಾ,

ನಗಬೇಡಿ ಎಂದರೆ ಹೇಗೆ? ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ಆಮೇಲೆ ಆ ಮಂಡಿಯ ವಿಷಯವನ್ನು ಎರಡು ಸಲ ಓದಿದೆ.

ಒಂದು ಮಾತು ನೇರವಾಗಿ ಕೇಳುತ್ತೇನೆ. ಅಂಥವಳು ನಿನ್ನನ್ನೇ ಏಕೆ ಆರಿಸಿಕೊಂಡಳು? ಆ ಹಾಲಿನಲ್ಲಿ ಕಾಲೇಜು ಹುಡುಗಿಯರು ಇಲ್ಲವೇ? ನೀನು ಜಿಲ್ಲಾ ಮಟ್ಟ ದಾಟಿ ವಿಭಾಗದಲ್ಲಿ ಸೋತವಳು. ಮನಸ್ಸಿಗೆ ಹಚ್ಚಿಕೊಳ್ಳಬೇಡ, ಇದ್ದದ್ದನ್ನು ಹೇಳಿದೆ. ತಾನೇ ಅಂಕಣವೆಲ್ಲ ಓಡಿಕೊಂಡು ಆಡಲು ಎದುರಾಡದ ಒಬ್ಬಳು ಬೇಕಾಗಿದೆಯೇನೋ ಎಂದು ನನಗೆ ಅನುಮಾನ.

ಹಾಗೇ ಇದ್ದರೂ ಅವಳ ದಾರಿಗೆ ಅಡ್ಡ ಬರಬೇಡ. ದೊಡ್ಡ ಆಟಗಾರ್ತಿ. ಅವಳು ಹೊಡೆಯಲಿ, ನೀನು ಜಾಗ ಬಿಡು.

ಮಂಡಿಗೆ ಪಟ್ಟಿ ಕಟ್ಟಿಕೊಂಡು ಆಡು. ವಯಸ್ಸು ಮೂವತ್ತೇಳು, ನೆನಪಿರಲಿ.

ಅನುಸೂಯಮ್ಮ


ವೆಸ್ಟ್ ಬ್ಲೂಮ್‌ಫೀಲ್ಡ್
24 ಆಗಸ್ಟ್ 2025

ಮಿಸ್,

ಸೋತೆವು. ಇಲ್ಲೇ ಡೆಟ್ರಾಯಿಟ್ ಕಡೆಯ ಒಂದು ಚಿಕ್ಕ ಟೂರ್ನಮೆಂಟ್, ಮೊದಲ ಸುತ್ತು. ಎದುರಿಗಿದ್ದವರು ಹೈಸ್ಕೂಲು ಮಕ್ಕಳು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವರು.

ಶಟಲ್ ನಮ್ಮಿಬ್ಬರ ಮಧ್ಯಕ್ಕೆ ಬಂದಾಗಲೆಲ್ಲ ನಾನು ಅವಳಿಗೆ ಬಿಟ್ಟೆ, ನೀವು ಹೇಳಿದ ಹಾಗೆ. ಅವಳು ನನಗೆ ಬಿಟ್ಟಳು. ಅದು ಇಬ್ಬರ ನಡುವೆ ಟಪ್ ಎಂದು ಬೀಳುತ್ತಿತ್ತು. ಅವಳು "ಸಾರಿ" ಎಂದು ತಲೆ ಬಾಗಿಸುತ್ತಿದ್ದಳು, ನಾನು "ಇಲ್ಲ ಇಲ್ಲ, ನಂದೇ ಸಾರಿ" ಎನ್ನುತ್ತಿದ್ದೆ. ಆಟಕ್ಕಿಂತ ಕ್ಷಮಾಪಣೆಯೇ ಹೆಚ್ಚಾಯಿತು. ಆ ಮಕ್ಕಳಿಗೆ ಇದು ತಿಳಿದುಹೋಯಿತು, ಬೇಕೆಂದೇ ಮಧ್ಯಕ್ಕೆ ಹೊಡೆಯತೊಡಗಿದರು.

ಎರಡು ಶನಿವಾರದಿಂದ ಅವಳು ಹಾಲಿಗೆ ಬಂದಿಲ್ಲ. ನನ್ನ ಮೇಲೆ ಕೋಪ ಬಂದಿದೆ, ಬರಬೇಕಾದ್ದೇ. ಅವಳಿಗಿದ್ದದ್ದು ಇನ್ನು ನಾಲ್ಕೇ ತಿಂಗಳು. ನಾನೇ ಬಿಟ್ಟುಬಿಡುತ್ತೇನೆ ಎಂದು ಮೆಸೇಜ್ ಟೈಪ್ ಮಾಡಿಟ್ಟಿದ್ದೇನೆ. ಕಳಿಸಿಲ್ಲ.

ಲತಾಶ್ರೀ


ಬೋಲಿಂಗ್‌ಬ್ರೂಕ್
2 ಸೆಪ್ಟೆಂಬರ್ 2025

ಏನೇ ಲತಾ,

ಮೆಸೇಜ್ ಕಳಿಸಿದರೆ ನೋಡು! ಗೌರಿಹಬ್ಬದಲ್ಲಿ ಲೆಮಾಂಟಿಗೆ ಬಂದು ನನ್ನ ಕಣ್ಣಿಗೆ ಬೀಳದೆ ಹೋದದ್ದು ಇದಕ್ಕೇ ಎಂದು ಈಗ ಗೊತ್ತಾಯಿತು. ನಿನ್ನ ನೀಲಿ ಸೀರೆ ನನಗೆ ದೂರದಿಂದಲೇ ಕಂಡಿತ್ತು. ಕಿವಿ ಹೋಗಿರಬಹುದು, ಕಣ್ಣು ಹೋಗಿಲ್ಲ.

ಅವಳಿಗೆ ಕೋಪವೇ ಬಂದಿರಬೇಕು. ಜಪಾನಿನವರು ಕೋಪವನ್ನು ತಲೆ ಬಾಗಿಸಿ ತೋರಿಸುತ್ತಾರೆ ಎಂದು ನನ್ನ ಅಳಿಯ ವೆಂಕಟರಾಮು ಹೇಳಿದ. ಅವನಿಗೆ ಹೇಗೆ ಗೊತ್ತೋ, ಅವನು ಜಪಾನಿನಲ್ಲಿ ಇಳಿದದ್ದು ವಿಮಾನ ಬದಲಿಸಲು ಮಾತ್ರ. ಆದರೂ ನನಗೂ ಹಾಗೇ ಅನ್ನಿಸುತ್ತದೆ.

ಬಿಡುವುದಾದರೆ ಬಿಡು. ಅವಳ ಮನೆಗೆ ಹೋಗಿ, ಎದುರಿಗೆ ಕೂತು, ಬಾಯಿಬಿಟ್ಟು ಹೇಳಿ ಬಿಡು. ಬರಿಗೈಯಲ್ಲಿ ಹೋಗಬೇಡ.

ಅನುಸೂಯಮ್ಮ


ವೆಸ್ಟ್ ಬ್ಲೂಮ್‌ಫೀಲ್ಡ್
5 ಅಕ್ಟೋಬರ್ 2025

ಮಿಸ್,

ಡಬ್ಬಿ ತುಂಬ ಚಿತ್ರಾನ್ನ ತೆಗೆದುಕೊಂಡು ಹೋದೆ. ಬಾಗಿಲು ತೆಗೆದವಳೇ ತೊಮೋಯೆ ತಲೆ ಬಾಗಿಸಿ ಕ್ಷಮೆ ಕೇಳಿದಳು. ಹಾಗೇ ನಿಂತು ನಾನೂ ಕೇಳಿದೆ. ಆಮೇಲೆ ಇಬ್ಬರಿಗೂ ನಗು ಬಂತು.

ಅವಳಿಗೆ ಕೋಪವೇ ಇರಲಿಲ್ಲ ಮಿಸ್! ನನಗೆ ಕೋಪ ಬಂದಿದೆ ಎಂದುಕೊಂಡು ಮನೆಯಲ್ಲಿ ಕೂತಿದ್ದಳು. "ಹಾಲ್ ನಿನ್ನದು. ನೀನು ಕರೆದೆ, ನಾನು ಬಂದೆ. ಬಂದವರು ಮನೆಯವರ ಶಟಲ್‌ಗೆ ಕೈ ಹಾಕಬಾರದು ಅಂತ ಬಿಟ್ಟೆ" ಎಂದಳು. ನಾನು ಅತಿಥಿ ಎಂದು ಬಿಟ್ಟೆ, ಅವಳು ತಾನು ಅತಿಥಿ ಎಂದು ಬಿಟ್ಟಳು. ನಿಮ್ಮ ಮೊದಲ ಎಲೆಯ ಮಾತನ್ನು ಹೇಳಿದೆ. ಅವರ ಊರಿನಲ್ಲೂ ಹಾಗೆಯೇ ಅಂತೆ. ಒಂದು ಮರ್ಯಾದೆ ಇದ್ದಿದ್ದರೆ ಗೆಲ್ಲುತ್ತಿದ್ದೆವು, ಎರಡು ಸೇರಿ ಮುಳುಗಿಸಿತು.

ನನ್ನನ್ನೇ ಏಕೆ ಆರಿಸಿಕೊಂಡಳೆಂದೂ ಕೇಳಿಬಿಟ್ಟೆ. ನನಗೂ ಆ ಮುಳ್ಳು ಚುಚ್ಚುತ್ತಲೇ ಇತ್ತು. "ಎಲ್ಲರೂ ನನ್ನ ರ್‍ಯಾಂಕಿಂಗ್ ಜೊತೆ ಆಡೋಕೆ ಬರ್ತಾರೆ. ನೀನು ಮೂಲೇಲಿ ನಿಂತಿರೋ ಹೆಂಗಸನ್ನ ಕರೆದೆ. ನಿನ್ನ ಕಣ್ಣು ನೆಟ್ ಹತ್ರ ಬಹಳ ಚುರುಕು. ಆದ್ರೆ ನೀನು ನಿನ್ನನ್ನ ನಂಬಲ್ಲ" ಎಂದಳು. ಅವಳಿಗೆ ಇನ್ನೊಂದಿಷ್ಟು ಚಿತ್ರಾನ್ನ ಬಡಿಸಿದೆ.

ಈಗ ಹೊಸ ಕಾನೂನು. ನೆಟ್ಟಿನ ಹತ್ತಿರ ನಾನು, ಹಿಂದೆ ಅವಳು. ಹಿಂದಿನವಳಿಗೆ ಎಲ್ಲ ಕಾಣುತ್ತದೆ, ಅದಕ್ಕೇ ಕೂಗುವವಳು ಅವಳು. ತನ್ನದಾದರೆ "ನಂದು", ನನ್ನದಾದರೆ "ನಿಂದು". ಕನ್ನಡದಲ್ಲೇ! ಎದುರಿನವರಿಗೆ ಅರ್ಥವಾಗಬಾರದಲ್ಲ. ಸಾರಿ ಎಂದವರು ಹತ್ತು ಬಸ್ಕಿ ಹೊಡೆಯಬೇಕು. ಮೊದಲ ವಾರ ನನ್ನ ತೊಡೆ ಬಿದ್ದುಹೋಯಿತು.

ಸೆಪ್ಟೆಂಬರ್ ಕೊನೆಗೆ ಆ ತಂತಿ ಹಲ್ಲಿನ ಮಕ್ಕಳನ್ನು ಕರೆಸಿ ಆಡಿದೆವು. ಇಪ್ಪತ್ತೊಂದು ಎಂಟು, ಇಪ್ಪತ್ತೊಂದು ಹತ್ತು. ಪಾಪ ಅನ್ನಿಸಲಿಲ್ಲ!

ನವೆಂಬರ್ 15, 16ಕ್ಕೆ ನಿಮ್ಮ ಶಿಕಾಗೋ ಕಡೆಯೇ ದೊಡ್ಡ ಓಪನ್ ಟೂರ್ನಮೆಂಟ್ ಇದೆ. ನಮ್ಮ ಹೆಸರು ಕೊಟ್ಟಾಗಿದೆ. ಅವಳಿಗೆ ಇದೇ ಕೊನೆಯ ಅವಕಾಶ. ನಿಮ್ಮ ಮನೆಯಿಂದ ಅರ್ಧ ಗಂಟೆಯ ಡ್ರೈವ್. ಬರುತ್ತೀರಲ್ಲ?

ಲತಾಶ್ರೀ


ಬೋಲಿಂಗ್‌ಬ್ರೂಕ್
18 ಅಕ್ಟೋಬರ್ 2025

ಲತಾ,

ಮಧ್ಯದ ಶಟಲ್ ಬಿಡು ಎಂದು ಹೇಳಿಕೊಟ್ಟದ್ದು ನಾನೇ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಅವಳ ಮೇಲಿನ ಅನುಮಾನವನ್ನೂ.

ಬರಲಾಗುವುದಿಲ್ಲ. ವೆಂಕಟರಾಮು ಆ ವಾರ ಊರಿನಲ್ಲಿರುವುದಿಲ್ಲ, ಮಗಳಿಗೆ ಹೈವೇ ಎಂದರೆ ಭಯ. ಚಳಿ ಬೇರೆ, ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಈಗಲೇ ನಲವತ್ತು ಡಿಗ್ರಿಗೆ ಇಳಿದಿದೆ. ಬರುತ್ತೇನೆಂದು ದಾರಿ ಕಾಯಬೇಡ. ಆಟದ ಕಡೆ ಗಮನ ಕೊಡು.

ಆಡುವ ಹಿಂದಿನ ದಿನ ಹೊಟ್ಟೆ ಬಿರಿಯ ತಿನ್ನಬೇಡ. ಬಾಳೆಹಣ್ಣು ಇಟ್ಟುಕೊ, ಅವಳಿಗೂ ಕೊಡು.

ಅನುಸೂಯಮ್ಮ


ವೆಸ್ಟ್ ಬ್ಲೂಮ್‌ಫೀಲ್ಡ್
17 ನವೆಂಬರ್ 2025

ಮಿಸ್, ಮಿಸ್, ಮಿಸ್!

ಗೆದ್ದೆವು! ಆಫೀಸಿಗೆ ರಜೆ ಹಾಕಿ ಬರೆಯುತ್ತಿದ್ದೇನೆ. ಅಕ್ಷರಕ್ಕೆ ಇವತ್ತು ಮಾಫಿ ಕೊಡಿ.

ನೀವು ಬಂದಿದ್ದರೆ ಎಷ್ಟು ಚೆನ್ನಾಗಿತ್ತು. ಹೋಗಲಿ, ನಾನೇ ತೋರಿಸುತ್ತೇನೆ. ಶನಿವಾರದ ಪಂದ್ಯಗಳಿಗೆ ಬೆವರೂ ಬರಲಿಲ್ಲ. ಭಾನುವಾರ ಸೆಮಿಫೈನಲ್ ಮೂರು ಗೇಮ್ ಎಳೆಯಿತು. ಮುಗಿದಾಗ ತೊಮೋಯೆ ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೂತಿದ್ದಳು. ನೀವು ಹೇಳಿದ ಬಾಳೆಹಣ್ಣು ಕೊಟ್ಟೆ, ಅರ್ಧ ತಿಂದಳು.

ಫೈನಲ್ಲಿನಲ್ಲಿ ಎದುರಿಗೆ ಇಬ್ಬರು ಕಾಲೇಜು ಹುಡುಗಿಯರು, ಇಪ್ಪತ್ತು ವರ್ಷದವರು. ಅಬ್ಬಾ, ಕಾಲಿಗೆ ಸ್ಪ್ರಿಂಗ್ ಕಟ್ಟಿಕೊಂಡ ಹಾಗೆ ಹಾರುತ್ತಿದ್ದರು. ಮೊದಲನೆಯದು ಅವರದಾಯಿತು, ಎರಡನೆಯದು ನಮ್ಮದು. ಮೂರನೆಯದರಲ್ಲಿ ಹದಿನಾಲ್ಕು ಹದಿನೆಂಟು ಹಿಂದಿದ್ದೆವು. ಆಗ ತೊಮೋಯೆ ಒಂದರ ಮೇಲೊಂದು ಸ್ಮ್ಯಾಶ್ ಹೊಡೆದಳು ನೋಡಿ! ಕೊನೆಯದಕ್ಕೆ ಎಷ್ಟು ಎತ್ತರ ಹಾರಿದಳೆಂದರೆ ಎದುರಿನವರ ತಲೆ ಮೇಲಕ್ಕೆ ಎದ್ದದ್ದು ನನಗೆ ಕಂಡಿತು. ಹದಿನೆಂಟು ಸಮ.

ಪ್ರತಿ ಪಾಯಿಂಟು ಆದ ಮೇಲೂ ನಾವು ರಾಕೆಟ್ಟಿಗೆ ರಾಕೆಟ್ಟು ತಾಗಿಸುತ್ತೇವೆ. ಆಗಲೂ ತಿರುಗಲು ಹೊರಟೆ. "ತಿರುಗಬೇಡ! ಸರ್ವ್ ಮಾಡು!" ಎಂದು ಗದರಿದಳು. ಎಂಥ ಏಕಾಗ್ರತೆ! ನಾನೇ ಸರ್ವ್ ಮಾಡಬೇಕಿತ್ತು. ಮಾಡಿದೆ. ಶಟಲ್ ವಾಪಸು ಬಂತು. "ನಿಂದು!" ಹೊಡೆದೆ. ಮತ್ತೆ ಬಂತು. "ನಿಂದು!" ನೆಟ್ಟಿನಿಂದ ಕೆಳಕ್ಕೆ ಕುಟ್ಟಿದೆ. ಹತ್ತೊಂಬತ್ತು. ತಿರುಗದೆ ಮತ್ತೆ ಸರ್ವ್ ಮಾಡಿದೆ, ಇಪ್ಪತ್ತೂ ಹಾಗೆಯೇ ಆಯಿತು. ತಪ್ಪಿದರೂ ಹಿಂದೆ ಅವಳಿದ್ದಾಳಲ್ಲ ಎಂದು ನನಗೆ ಒಂದಿಷ್ಟೂ ಹೆದರಿಕೆ ಇರಲಿಲ್ಲ. ಆ ಧೈರ್ಯಕ್ಕೇ ಕೈ ತಾನಾಗಿ ಆಡುತ್ತಿತ್ತು. ಕೊನೆಯ ಪಾಯಿಂಟಿನಲ್ಲಿ ನನಗೆ ಎಟುಕದ ಒಂದಕ್ಕೂ "ನಿಂದು!" ಎಂದಳು. ಅಯ್ಯೋ, ಇದೂ ನನ್ನದೇ? ಎನ್ನುತ್ತಲೇ ಎಗರಿದೆ. ರಾಕೆಟ್ಟಿನ ತುದಿಗೆ ಸಿಕ್ಕಿತು, ನೆಟ್ಟಿನ ಆಚೆ ಬಿತ್ತು. ಇಪ್ಪತ್ತೊಂದು ಹದಿನೆಂಟು!

ತಿರುಗಿದರೆ ತೊಮೋಯೆ ಅಂಕಣದಲ್ಲೇ ಕುಸಿದು ಕೂತು ಅಳುತ್ತಿದ್ದಳು. ಸಂತೋಷಕ್ಕೆ ಮಿಸ್, ಏಳಲೂ ಆಗಲಿಲ್ಲ ಅವಳಿಗೆ. ನಾನೇ ಕೈ ಹಿಡಿದು ಎಬ್ಬಿಸಿದೆ. ನನ್ನ ಹೆಗಲ ಮೇಲೆ ಕೈ ಹಾಕಿಕೊಂಡೇ ನಡೆದಳು, ಪದಕ ತೆಗೆದುಕೊಳ್ಳುವಾಗಲೂ ಬಿಡಲಿಲ್ಲ. ಅಷ್ಟು ದೊಡ್ಡವಳು ನನ್ನ ಹೆಗಲು ಹಿಡಿದು ನಿಂತಳಲ್ಲ ಎಂದು ನನಗೆ ಎದೆ ಉಬ್ಬಿತು. ದಾರಿಯುದ್ದಕ್ಕೂ ಹಿಂದಿನ ಸೀಟಿನಲ್ಲಿ ಕಾಲು ಚಾಚಿ, ಪದಕ ಹಿಡಿದುಕೊಂಡು ನಿದ್ದೆ ಮಾಡಿದಳು.

ಗೆದ್ದದ್ದು ಅವಳು ಮಿಸ್, ಸುಳ್ಳು ಹೇಳುವುದಿಲ್ಲ. ನಾನು ಮುಂದೆ ನಿಂತಿದ್ದೆ, ಅಷ್ಟೆ.

ನಿಮ್ಮ
ಲತಾಶ್ರೀ


ಬೋಲಿಂಗ್‌ಬ್ರೂಕ್
17 ನವೆಂಬರ್ 2025

ಲತಾ,

ನಿನ್ನ ಕಾಗದಕ್ಕೆ ಕಾಯದೆ ಬರೆಯುತ್ತಿದ್ದೇನೆ. ನಾನು ಬಂದಿದ್ದೆ.

ವೆಂಕಟರಾಮು ಊರಿನಲ್ಲೇ ಇದ್ದ, ಅವನೇ ಕರೆದುಕೊಂಡು ಬಂದ. ಸುಳ್ಳು ಹೇಳಿದ್ದು ಬೇಕೆಂದೇ. ನಾನಿದ್ದೇನೆ ಎಂದು ಗೊತ್ತಾದರೆ ನೀನು ಪ್ರತಿ ಪಾಯಿಂಟಿಗೂ ನನ್ನ ಮುಖ ನೋಡುತ್ತೀಯ. ವಿಭಾಗದ ಫೈನಲ್ಲಿನಲ್ಲಿ ಹಾಗೆ ನೋಡಿ ನೋಡಿಯೇ ಸೋತೆ. ಅದಕ್ಕೆ ಮಂಕಿ ಕ್ಯಾಪು ಎಳೆದುಕೊಂಡು ಮೇಲಿನ ಬೆಂಚಿನಲ್ಲಿ ಕೂತಿದ್ದೆ. ಪಕ್ಕದ ಬಿಳಿಯ ಹೆಂಗಸು ಒಳಗೇಕೆ ಟೋಪಿ ಎಂದು ಕೇಳಿದಳು. ಕೇಳಿಸದವಳ ಹಾಗೆ ಇದ್ದೆ.

ಕೊನೆಯ ಗೇಮಿನ ಅರ್ಧಕ್ಕೆ ನೀವು ಕಡೆ ಬದಲಿಸಿ ನನ್ನ ಮುಂದಕ್ಕೇ ಬಂದಿರಿ. ನೀನು ನೆಟ್ಟಿನ ಹತ್ತಿರ, ಅವಳು ಹಿಂದೆ, ಅವಳ ಬೆನ್ನ ಹಿಂದೆ ನಾನು. ಹದಿನೆಂಟು ಸಮ ಮಾಡಿದಳಲ್ಲ, ಆ ಹಾರಿದ ಹೊಡೆತ. ನೆಲಕ್ಕೆ ಇಳಿದಾಗ ಅವಳ ಎಡಗಾಲು ಸೆಟೆದುಕೊಂಡಿತು. ತೊಡೆಯ ಮಾಂಸ ಗಂಟು ಕಟ್ಟಿದ್ದು ನನಗೆ ಅಲ್ಲಿಂದಲೇ ಕಂಡಿತು. ಬೆರಳೂರಿ ನಿಂತಳು, ಒಂದು ಹೆಜ್ಜೆ ಇಡಲಾಗಲಿಲ್ಲ.

ರೆಫರಿಯನ್ನು ಕರೆಯೋಣವೆಂದು ನಾನು ಎದ್ದು ನಿಂತೆ. ಆಗ ಅವಳು ಒಮ್ಮೆ ಹಿಂತಿರುಗಿದಳು. ನಾನು ಯಾರೆಂದು ಅವಳಿಗೇನು ಗೊತ್ತು, ಟೋಪಿ ಹಾಕಿಕೊಂಡ ಒಬ್ಬಳು ಮುದುಕಿ. ನನ್ನ ಕಣ್ಣನ್ನೇ ನೋಡಿ, ಬೇಡ ಎಂದು ತಲೆಯಾಡಿಸಿದಳು. ಕುಳಿತುಕೊಂಡೆ ಲತಾ. ಬಾಯಿ ಮುಚ್ಚಿಕೊಂಡು ಕೂರುವುದು ನನಗೆ ಎಷ್ಟು ಕಷ್ಟವೆಂದು ನಿನಗೆ ಗೊತ್ತಲ್ಲ.

ನಿನಗೆ ತಿರುಗಬೇಡ ಎಂದು ಅವಳು ಕೂಗಿದ್ದು ಅದಕ್ಕೆ. ತಿರುಗಿ ನೋಡಿದ್ದರೆ ನೀನೇ ಆಟ ನಿಲ್ಲಿಸಿಬಿಡುತ್ತಿದ್ದೆ, ಅವಳ ಕೆರಿಯರ್ ಇನ್ನೊಂದು ಸಲ ಮಧ್ಯದಲ್ಲೇ ನಿಲ್ಲುತ್ತಿತ್ತು. ರಾಕೆಟ್ಟು ಎತ್ತಿ ಹಿಡಿದು, ಏನೂ ಆಗಿಲ್ಲ ಎನ್ನುವ ಹಾಗೆ ಭುಜ ನೆಟ್ಟಗೆ ಮಾಡಿ ನಿಂತಳು. ಎದುರಿನ ಹುಡುಗಿಯರಿಗೂ ಗೊತ್ತಾಗಲಿಲ್ಲ. ಬಂದದ್ದಕ್ಕೆಲ್ಲ ನಿಂದು, ನಿಂದು ಎಂದು ಕೂಗಿದಳು. ಆ ಕೂಗು ನನ್ನ ಈ ಕಿವಿಗೂ ಕೇಳಿಸಿತು. ನಿನಗೆ ಎಟುಕದ್ದಕ್ಕೂ ಕೂಗಿದಳು, ನೀನು ಎಟುಕಿಸಿಕೊಂಡೆ.

ಇಷ್ಟು ಹೊತ್ತಿಗೆ ನೀನು ನನಗೊಂದು ಕಾಗದ ಬರೆದು, ಗೆದ್ದದ್ದೆಲ್ಲ ಅವಳು, ನಾನು ಸುಮ್ಮನೆ ನಿಂತಿದ್ದೆ ಎಂದು ಅದರಲ್ಲಿ ಹಾಕಿರುತ್ತೀಯ. ನಿನ್ನನ್ನು ಎಂಟನೇ ಕ್ಲಾಸಿನಿಂದ ನೋಡಿಲ್ಲವೇ ನಾನು. ಜೀವನಪೂರ್ತಿ ಹಾಗೇ ಹೇಳಿಕೊಂಡು ತಿರುಗುತ್ತೀಯ, ಅವಳೂ ನಿಜ ಹೇಳುವುದಿಲ್ಲ. ಅದಕ್ಕೇ ಈ ಕಾಗದ.

ಹದಿನೆಂಟರವರೆಗೆ ಅವಳಿಲ್ಲದೆ ನೀನು ಬರುತ್ತಿರಲಿಲ್ಲ, ಅದು ನಿಜ. ಅಲ್ಲಿಂದಾಚೆ ಶಟಲ್ ಅವಳ ರಾಕೆಟ್ಟಿಗೆ ಒಂದು ಸಲವೂ ತಾಗಿಲ್ಲ. ನಿನ್ನ ಹಿಂದೆ ಯಾರೂ ಇರಲಿಲ್ಲ ಕಣೇ. ಆ ಮೂರು ಪಾಯಿಂಟು ಇಬ್ಬರ ವಿರುದ್ಧ ನೀನೊಬ್ಬಳೇ ಆಡಿ ಗೆದ್ದೆ.

ನಿನ್ನ
ಅನುಸೂಯಮ್ಮ ಮಿಸ್